ಹಸಿರು ಗೂಟದ ಹೊಲ

ತೆಗ್ಗಿನಾಳದಲ್ಲಿ ಹೊಲಕ್ಕೊಂದು ಗೂಟ ಬಂದ ಮೇಲೆ ಜನ ಬೆಳಗ್ಗೆ ಎದ್ದು ದೇವರ ಮುಖಕ್ಕಿಂತ ಮೊದಲು ಗೂಟದ ಮುಖ ನೋಡತೊಡಗಿದರು. ನಮ್ಮ ಕಾಲಕ್ಕಿಂತ ತುಸು ಮುಂದಿನ ಮಾತು ಇದು. ಸರಕಾರದವರು ಅದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಎತ್ತು ಒಂದು ಸಾಲು ಹೊಡೆದು ಬರುತ್ತಿತ್ತು. ಹಾಗಾಗಿ ಊರವರು ಗೂಟ ಎಂದರು, ಅದೇ ನಿಂತಿತು. ಅರ್ಧ ಮಣ್ಣೊಳಗೆ, ಅರ್ಧ ಮೇಲೆ, ನೆತ್ತಿಯಲ್ಲೊಂದು ದೀಪ. ಹಸಿರಿದ್ದರೆ ಬಿತ್ತಬಹುದು, ಹಳದಿಯಿದ್ದರೆ ಹುಷಾರಾಗಿರಬೇಕು, ಕೆಂಪಾಯಿತೆಂದರೆ ಹೊಲಕ್ಕೆ ಬೀಗ. ಮಾಲಕನೂ ಕಾಲಿಡುವ ಹಾಗಿಲ್ಲ.

ಗೂಟ ಮಾಡುತ್ತಿದ್ದ ಕೆಲಸ ಹೇಳಿದರೆ ಸರಳ. ಆಗಾಗ ಅದು ಬೇರಿನ ಆಳದಿಂದ ಚಿಟಿಕೆ ಮಣ್ಣನ್ನು ಒಳಗೆಳೆದುಕೊಳ್ಳುತ್ತಿತ್ತು. ಅದನ್ನು ಅರೆದು, ಅದರಲ್ಲಿದ್ದ ಜೀವಿಗಳ ಡಿಎನ್‌ಎ ಎಳೆಗಳನ್ನು ಬಿಡಿಸಿ, ಆ ರಾಶಿಯಲ್ಲಿ ಒಂದೇ ಒಂದು ಶಿಲೀಂಧ್ರದ ಎಳೆಯನ್ನು ಹುಡುಕುತ್ತಿತ್ತು. ತೊಗರಿಗೆ ನೆಟೆ ರೋಗ ತಂದು, ಹೂ ಬಿಟ್ಟು ನಿಂತ ಗಿಡವನ್ನು ನಿಂತಲ್ಲೇ ಒಣಗಿಸುತ್ತದಲ್ಲ, ಅದೇ ಶಿಲೀಂಧ್ರ. ಸಿಕ್ಕ ಎಳೆಯನ್ನು ಕಾಯಿಸಿ ತಣಿಸಿ, ಕಾಯಿಸಿ ತಣಿಸಿ, ಒಂದಿದ್ದದ್ದನ್ನು ಎರಡು, ಎರಡಿದ್ದದ್ದನ್ನು ನಾಲ್ಕು ಮಾಡುತ್ತ ಹೋಗುತ್ತಿತ್ತು. ಎಳೆಗಳು ಸಾಕಷ್ಟಾದಾಗ ಒಳಗಿನ ಬಣ್ಣ ಮಿನುಗುತ್ತದೆ. ಬೇಗ ಮಿನುಗಿದರೆ ಮಣ್ಣಿನಲ್ಲಿ ರೋಗ ಬಹಳ ಇದೆ ಎಂದರ್ಥ, ತಡವಾದರೆ ಕಡಿಮೆ ಇದೆ, ಮಿನುಗಲೇ ಇಲ್ಲವೆಂದರೆ ನೆಲ ಚೊಕ್ಕ. ಗಿಡ ಬಾಡಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವ ಬದಲು ಬಿತ್ತುವ ಮೊದಲೇ ತಿಳಿಯಲಿ ಎಂದು ಮಾಡಿದ್ದು. ಒಳ್ಳೆಯದಕ್ಕೇ ಮಾಡಿದ್ದು, ಇಲ್ಲವೆನ್ನಲಾಗದು.

ಆದರೆ ತೆಗ್ಗಿನಾಳದಲ್ಲಿ ಗೂಟ ನೆಟ್ಟ ಮೊದಲ ವರ್ಷವೇ ಹೊಲಗಳು ಒಂದಾದ ಮೇಲೊಂದು ಕೆಂಪಾದವು. ಮೊದಲು ಹೆಣ್ಣು ಕೊಡುವವರು ಎಷ್ಟು ಎಕರೆ ಎಂದು ಕೇಳುತ್ತಿದ್ದರು, ಈಗ ಯಾವ ಬಣ್ಣ ಎಂದು ಕೇಳತೊಡಗಿದರು. ಗಂಡಸರು ಸಿಮೆಂಟ್ ಲಾರಿ ತುಂಬಲು ಹೊರಟರು. ಕಣದಲ್ಲಿ ರಾಶಿ ಹಾಕುತ್ತಿದ್ದ ಮನೆಯ ಹೆಂಗಸರು ಅಂಗಡಿಯಲ್ಲಿ ತೊಗರಿಬೇಳೆ ಕೊಂಡು, ಯಾರೂ ನೋಡದಿರಲೆಂದು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದರು. ಅಯ್ಯೋ, ಅದೇನು ನಾಚಿಕೆಗೇಡಿನ ಕೆಲಸವೇ? ಅಲ್ಲ. ಆದರೂ ತೊಗರಿ ನಾಡಿನವರಿಗೆ ಅದು ನಾಚಿಕೆಯೇ.

ಇಡೀ ಊರಿನಲ್ಲಿ ಹಸಿರು ಉಳಿದದ್ದು ಒಂದೇ ಗೂಟ, ಚಂದ್ರಶಾನದು. ಅದೂ ಎಲ್ಲಿ? ಊರಿನಲ್ಲೇ ಅತಿ ಹೆಚ್ಚು ರೋಗವಿದ್ದ ಕಾಶೀರಾಯನ ಹೊಲಕ್ಕೆ ಅಂಟಿಕೊಂಡು, ನಡುವೆ ಬರೀ ಒಂದು ಬದು. ಕಾಶೀರಾಯ ಚಂದ್ರಶಾನ ಸ್ವಂತ ಅಣ್ಣ, ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಪಾಲಾದಾಗ ಬಾವಿ ಯಾರ ಕಡೆ ಎನ್ನುವುದರ ಮೇಲೆ ಅಣ್ಣತಮ್ಮಂದಿರಿಗೆ ಮಾತು ಬೆಳೆದು, "ನೀ ಸತ್ರ ನಿನ್ನ ಮಣ್ಣಿಗೂ ಬರಾಂಗಿಲ್ಲ" ಎಂದು ಚಂದ್ರಶಾ ನಾಲ್ಕು ಜನರೆದುರು ಅಂದಿದ್ದ. ಸಿಟ್ಟಿನಲ್ಲಿ ಯಾರೂ ಅನ್ನುವ ಮಾತು. ಆದರೆ ಈತ ಅಂದ ಹಾಗೇ ನಡೆದುಕೊಂಡ. ಅಣ್ಣನ ಹೆಣವನ್ನು ಅವನದೇ ಹೊಲದಲ್ಲಿ ಹೂಳಲು ಒಯ್ದ ದಿನ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕುಳಿತ.

ಅಂಥವನ ಹೊಲ ಮಾತ್ರ ಹಸಿರು ಎಂದರೆ ಊರು ಸುಮ್ಮನಿರುತ್ತದೆಯೇ? ಏನೋ ಮಾಟ ಮಾಡಿಸ್ಯಾನ ಎಂದರು ಕೆಲವರು. ಕದ್ದು ಔಷಧ ಸುರಿದು ರೋಗವನ್ನೆಲ್ಲ ನಮ್ಮ ಕಡೆ ಅಟ್ಟಿದ್ದಾನೆ ಎಂದರು ಓದಿದವರು. ಆತ ಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು, ಚಹಾದಂಗಡಿಯಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ತಾಲೂಕಿನ ಮಣ್ಣು ಕೇಂದ್ರದವರು ಮಾತ್ರ ಅವನ ಹೊಲವನ್ನು ಬೀಜದ ಹೊಲವೆಂದು ಆರಿಸಿದರು. ಸುತ್ತಲ ಊರುಗಳಲ್ಲಿ ಇನ್ನೂ ಬದುಕಿದ್ದ ಹೊಲಗಳಿಗೆಲ್ಲ ಮುಂದಿನ ಹಂಗಾಮಿಗೆ ಚೊಕ್ಕ ಬೀಜ ಅಲ್ಲಿಂದಲೇ ಹೋಗಬೇಕಿತ್ತು. ಅದನ್ನು ಕೇಳಿ ಊರಿನ ಸಿಟ್ಟು ಇನ್ನಷ್ಟು ಏರಿತು.

ಆ ಮಣ್ಣು ಕೇಂದ್ರದಲ್ಲಿ ಗೂಟಗಳ ನಕಾಶೆಯ ಮುಂದೆ ಕೂರುವವಳು ಜಗದೇವಿ, ಕಾಶೀರಾಯನ ಸೊಸೆ. ತನ್ನ ಮಾವನ ಹೊಲಕ್ಕೆ ಬೀಗ ಹಾಕುವ ಆದೇಶಕ್ಕೂ ಅವಳೇ ಒಪ್ಪಿಗೆ ಒತ್ತಿದ್ದಳು. ಅದನ್ನು ಮನೆಯಲ್ಲಿ ಯಾರೂ ಆಡಿ ತೋರಿಸಲಿಲ್ಲ, ಅತ್ತೆ ಅಂಬವ್ವನ ಹೊರತು. ಅಂಬವ್ವ ನಗುತ್ತ ಆಡಿ ತೋರಿಸುತ್ತಿದ್ದಳು.

ಆ ಮಳೆಗಾಲದಲ್ಲಿ ಅಂಬವ್ವನ ಎದೆ ಸೋತಿತು. ದವಾಖಾನೆಯವರು ಮನೆಗೆ ಒಯ್ಯಿರಿ ಎಂದರು. ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕುಳಿತ ಮುದುಕಿ ಒಂದು ಬೆಳಗ್ಗೆ ಸೊಸೆಯ ಕೈ ಹಿಡಿದಳು.

"ಜಗದೇವಿ, ನಾ ಹೋದ ಮ್ಯಾಗ ನನಗ ಅವರ ಬಾಜೂಕೇ ಇಡ್ರಿ."

"ಅತ್ತಿ, ಹೊಲ ಕೆಂಪದರಿ. ಬೀಗ ಹಾಕ್ಯಾರ."

"ಹಾಕಿದಾಕಿ ನೀನೇ ಅಲ್ಲೇನ? ನೀನೇ ತಗಿ." ಅಂಬವ್ವ ನಕ್ಕಳು, ನಕ್ಕು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ. "ಇನ್ನೊಂದು ಮಾತದ. ಚಂದ್ರಶಾ ಬರಬೇಕು. ನಾ ಈ ಮನಿಗಿ ಬಂದಾಗ ಅವ ತೊಟ್ಟಿಲದಾಗಿದ್ದ. ತಾಯಿ ಇಲ್ಲದ ಕೂಸು, ನಾನೇ ಉಣಿಸಿ ಬೆಳಸೀನಿ. ಅಣ್ಣಗ ಕೊಡಲಿಲ್ಲ, ಹೋಗಲಿ. ನನಗರೆ ಅವನ ಕೈಯಿಂದ ಒಂದ್ ಹಿಡಿ ಮಣ್ಣ ಬೀಳಬೇಕು. ಇಷ್ಟು ನೀ ಮಾಡಿಸು."

"ಮಾಡಸ್ತೀನ್ರಿ" ಎಂದಳು ಜಗದೇವಿ. ಮತ್ತೇನು ಅನ್ನಲು ಸಾಧ್ಯವಿತ್ತು?

ಕೇಂದ್ರಕ್ಕೆ ಹೋದವಳೇ ಅವಳು ಮುಖ್ಯಸ್ಥೆ ನಿಖತ್ ಮೇಡಂ ಎದುರು ನಿಂತಳು. ಗೂಟಕ್ಕೆ ಒಂದು ಕುರುಡಿದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಸತ್ತ ಶಿಲೀಂಧ್ರದ ಡಿಎನ್‌ಎ ಕೂಡ ಮಣ್ಣಿನಲ್ಲಿ ಬಹಳ ದಿನ ಉಳಿಯುತ್ತದೆ. ಗೂಟ ಬದುಕಿದ್ದನ್ನೂ ಹೆಣವನ್ನೂ ಒಟ್ಟಿಗೇ ಎಣಿಸಿಬಿಡುತ್ತದೆ. ಎರಡನ್ನೂ ಬೇರೆ ಮಾಡಲು ಪ್ರಯೋಗಾಲಯದಲ್ಲಿ ಒಂದು ಬಣ್ಣವಿತ್ತು. ಸತ್ತ ಕೋಶದ ಒಡೆದ ಗೋಡೆಯೊಳಗೆ ಮಾತ್ರ ಅದು ನುಗ್ಗುತ್ತದೆ, ಒಳಗಿನ ಎಳೆಗೆ ಗಂಟು ಹಾಕುತ್ತದೆ. ಗಂಟು ಬಿದ್ದ ಎಳೆ ಮತ್ತೆ ಎರಡಾಗುವುದಿಲ್ಲ. ಆಮೇಲೆ ಎಣಿಸಿದರೆ ಸಿಗುವುದು ಬದುಕಿದ್ದದ್ದರ ಲೆಕ್ಕ.

"ಬಹಳ ಆಸೆ ಇಟ್ಕೋಬ್ಯಾಡ" ಎಂದರು ನಿಖತ್. "ಆದ್ರ ನೋಡೋಣ."

ಜಗದೇವಿ ತಾನೇ ರಬ್ಬರ್ ಬೂಟು ಹಾಕಿಕೊಂಡು ಮಾವನ ಹೊಲಕ್ಕೆ ಹೋಗಿ ಮೂಲೆಮೂಲೆಯಿಂದ ಮಣ್ಣು ತಂದಳು. ಯಂತ್ರ ಓಡುವಾಗ ಪರದೆಯ ಮೇಲಿನ ಗೆರೆ ಮೇಲೇಳದಿರಲಿ ಎಂದು, ವಿಜ್ಞಾನ ಓದಿದವಳು, ಇದ್ದಬದ್ದ ದೇವರಿಗೆಲ್ಲ ಕೈ ಮುಗಿದಳು. ಗೆರೆ ಎದ್ದಿತು. ರೋಗ ಬದುಕಿತ್ತು. ಮಾವನ ಸಮಾಧಿಯ ಸುತ್ತ, ಆಳದಿಂದ ಅಗೆದು ಮೇಲೆ ಹಾಕಿದ ಮಣ್ಣಿನಲ್ಲಿ, ಎಲ್ಲಕ್ಕಿಂತ ಹೆಚ್ಚಿತ್ತು.

ನಿಖತ್ ಇನ್ನೊಂದು ಕೆಲಸ ಮಾಡಿಸಿದ್ದರು. ಊರಿನ ಅಷ್ಟೂ ಕೆಂಪು ಹೊಲಗಳ ಶಿಲೀಂಧ್ರದ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿಸಿ, ಒಂದರ ಪಕ್ಕ ಒಂದು ಇಟ್ಟು ನೋಡಿದ್ದರು. ಎಲ್ಲವೂ ಒಂದೇ ತಾಯಿಯ ಮಕ್ಕಳು. ತಾಯಿ ಇದ್ದದ್ದು ಕಾಶೀರಾಯನ ಹೊಲದಲ್ಲಿ.

"ಆದ್ರ ಹ್ಯಾಂಗ ಹೋತು ಅಂತ ತಿಳೀವಲ್ದು" ಎಂದು ಅವರು ನಕಾಶೆಯ ಮೇಲೆ ಬೆರಳಾಡಿಸಿದರು. "ನೀರು ಹರಿಯೋದು ಹಿಂಗ. ರೋಗ ಹೋಗಿದ್ದು ಹಂಗಿಲ್ಲ. ಬೀಜ ಎಲ್ಲಾರದೂ ಬ್ಯಾರೆ ಬ್ಯಾರೆ. ಮರೆಪ್ಪನ ಹೊಲ ನೋಡು, ಹಳ್ಳದ ಆಚಿಗಿ, ಒಂಟಿ. ಅದು ಕೆಂಪು. ಬದು ದಾಟಿದ್ರ ಸಿಗೋ ನಿಮ್ಮ ಕಾಕಾ ಚಂದ್ರಶಾನ ಹೊಲ ಹಸಿರು. ಗಾಳಿಗಿ ಕಣ್ಣು ಅದಾವೇನು, ಆರಿಸಿ ಆರಿಸಿ ಹೋಗ್ಲಕ್ಕ?"

ಜಗದೇವಿಗೂ ಹೊಳೆಯಲಿಲ್ಲ. ಆ ನಕಾಶೆಯನ್ನು ತಲೆಯಲ್ಲಿ ಹೊತ್ತುಕೊಂಡೇ ಬಸ್ಸು ಹತ್ತಿದಳು.

ಮನೆಗೆ ಬಂದರೆ ಅಂಬವ್ವ ಆ ದಿನ ತುಸು ಗೆಲುವಾಗಿದ್ದಳು. ಮಗ ಅಣ್ಣಾರಾವ ತಾಯಿಯ ಕಾಲು ಒತ್ತುತ್ತಿದ್ದ. ಸಾವು ಹತ್ತಿರ ಬಂದವರು ಸಾವಿನ ಮಾತನ್ನೇ ಎಷ್ಟು ಸಲೀಸಾಗಿ ಆಡುತ್ತಾರೆ! ಅಂಬವ್ವ ಗಂಡನ ಮಣ್ಣಿನ ದಿನವನ್ನು, ಮದುವೆಯ ಮೆರವಣಿಗೆ ನೆನೆಸಿಕೊಂಡಂತೆ ನೆನೆಸಿಕೊಳ್ಳುತ್ತಿದ್ದಳು.

"ಆವತ್ತೂ ಹಿಂಗೇ ಮಳಿ. ಊರಿಗಿ ಊರೇ ಬಂದಿತ್ತು ನೋಡು. ಗುರುಶಾಂತಪ್ಪ ಹೆಗಲು ಕೊಟ್ಟ. ಹಳ್ಳದ ಆಚಿಂದ ಮರೆಪ್ಪ ಬಂದು ಹಲಗಿ ಬಾರಿಸಿದ, ಸುರುವಿಂದ ಕಡೀತನಕ ಕೈ ನಿಲ್ಲಿಸಲಿಲ್ಲ. ಮನಿಗೊಂದು ಗುದ್ದಲಿ ತಂದಿದ್ರು ಕುಣಿ ತಗೀಲಕ್ಕ. ಬಂದವ್ರೆಲ್ಲ ಮಣ್ಣ ಕೊಟ್ಟು ತಮ್ಮ ತಮ್ಮ ಹೊಲದ ಮ್ಯಾಲಿಂದ ಕಾಲ ತೊಳಕೊಂಡು ಮನಿಗಿ ಹೋದ್ರು."

ಜಗದೇವಿ ಲೋಟ ಹಿಡಿದ ಕೈ ಹಾಗೇ ನಿಲ್ಲಿಸಿದಳು. ತೆಗ್ಗಿನಾಳದ ಪದ್ಧತಿಯೇ ಅದು. ಮಣ್ಣು ಕೊಟ್ಟ ಕಾಲಿನಲ್ಲಿ ಹೊಸ್ತಿಲು ದಾಟಬಾರದು, ಮೊದಲು ಸ್ವಂತ ಹೊಲಕ್ಕೆ ಹೋಗಿ ಅಲ್ಲಿ ಕಾಲು ತೊಳೆಯಬೇಕು. ಕುಣಿ ಅಗೆದ ಗುದ್ದಲಿ ಆ ದಿನ ಮನೆಗೆ ಬರಬಾರದು, ಹೊಲದಲ್ಲೇ ಊರಿ ಇಡಬೇಕು. ಸಾವಿನ ಮೈಲಿಗೆ ಮನೆಗೆ ಬರದಿರಲೆಂದು ಹಿರಿಯರು ಮಾಡಿದ ಕಟ್ಟಳೆ. ಮಳೆಗೆ ನೆನೆದ ಎರೆಮಣ್ಣು ಕಾಲಿಗೆ ಹೇಗೆ ಮೆತ್ತುತ್ತದೆ ಎನ್ನುವುದು ಆ ನೆಲದಲ್ಲಿ ನಡೆದವರಿಗೇ ಗೊತ್ತು. ಊರಿಗೆ ಊರೇ ಆ ಮಣ್ಣನ್ನು ಮೆತ್ತಿಕೊಂಡು ಹೋಗಿ ಶ್ರದ್ಧೆಯಿಂದ ತನ್ನ ತನ್ನ ಹೊಲದಲ್ಲಿ ತೊಳೆದಿತ್ತು.

"ಅತ್ತಿ, ಯಾರು ಬಂದಿರಲಿಲ್ಲರಿ?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ.

"ಅವನೊಬ್ಬ" ಎಂದಳು ಅಂಬವ್ವ. "ಚಂದ್ರಶಾ."

ಜಗದೇವಿ ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ಒರಗಿ ಅತ್ತಳು. ಮಾವ ಯಾರಿಗೂ ಕೆಡುಕು ಬಗೆದವನಲ್ಲ. ಬೇರೆಯವರ ಎತ್ತು ಕಾಲು ಮುರಿದುಕೊಂಡರೆ ತನ್ನದನ್ನು ಕಳಿಸುತ್ತಿದ್ದ ಮನುಷ್ಯ. ಜನ ಅವನನ್ನು ಅಷ್ಟು ಪ್ರೀತಿಸದಿದ್ದರೆ, ನಾಲ್ಕೇ ಜನ ಬಂದಿದ್ದರೆ, ಊರು ಇನ್ನೂ ಹಸಿರಾಗಿರುತ್ತಿತ್ತು. ಇದನ್ನು ಯಾರಿಗೆ ಹೇಳುವುದು, ಯಾವ ಬಾಯಿಂದ ಹೇಳುವುದು?

ನಿಖತ್ ಮೇಡಂಗೆ ಮರುದಿನ ಹೇಳಿದಳು. ಅವರು ನಕಾಶೆಯನ್ನು ಮತ್ತೊಮ್ಮೆ ನೋಡಿ, ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಅತ್ತಿಯವರಿಗೆ ಹೊಲದಾಗ ಜಾಗ ಕೊಡಬಹುದು" ಎಂದರು. "ಹೊಲ ಕೆಂಪಾದವ್ರು ಕೆಂಪು ಹೊಲಕ್ಕ ಹೋದ್ರ ಹೊಸದಾಗಿ ಹಾಳಾಗೋದು ಏನೂ ಇಲ್ಲ. ಹೊರಗ ಬರುವಾಗ ಔಷಧದ ನೀರಿನಾಗ ಕಾಲು ಅದ್ದಲಿ. ಒಂದೇ ಮಾತು, ಹಸಿರಿನವ್ರು ಬರಬಾರದು. ಕೆಂಪು ನೆಲ ತುಳಿದವ್ರ ಹಸಿರು ಹೊಲಾನೂ ಮುಚ್ಚಬೇಕಾಗ್ತದ, ಕಾಯ್ದೆ ಹಂಗದ."

"ಊರಾಗ ಹಸಿರು ಇರೋದು ಒಂದೇರಿ ಮೇಡಂ."

"ಗೊತ್ತು. ಬೂಟು ಹಾಕಿಸಿದ್ರೂ ಧೋತರದ ಅಂಚಿಗಿ, ಉಗುರಿನ ಸಂದಿಗಿ ಹತ್ತಿ ಹೋದ್ರ ಸಾಕು. ಆ ಬೀಜ ಹೋದ್ರ ಸುತ್ತಲ ಊರಿಗೆಲ್ಲ ಮತ್ತ ಬೀಜ ಇಲ್ಲ. ನನಗೂ ಮನಸ್ಸಿಲ್ಲ ಜಗದೇವಿ, ಆದ್ರ ಹೇಳಬೇಕಾಗ್ತದ."

ಅತ್ತೆ ಕೇಳಿದ್ದು ಎರಡು. ಒಂದು ಸಿಕ್ಕಿತು. ಇನ್ನೊಂದನ್ನು ತಡೆಯುವ ಕೆಲಸ ಜಗದೇವಿಯ ಪಾಲಿಗೇ ಬಂತು. ಹೊಲದ ವಿಷಯ ಹೇಳಿದಾಗ ಅಂಬವ್ವ ಸೊಸೆಯ ಗಲ್ಲ ಮುಟ್ಟಿ ಲಟಿಕೆ ಮುರಿದಳು. ಚಂದ್ರಶಾನ ವಿಷಯ ಹೇಳಲು ಜಗದೇವಿಗೆ ಬಾಯಿ ಬರಲಿಲ್ಲ. ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುವಷ್ಟರಲ್ಲಿ ಅಂಬವ್ವ ಒಂದು ಮುಂಜಾವು ಕಣ್ಣು ಮುಚ್ಚಿದಳು.

ಮನೆಯಲ್ಲಿ ಅಳು ಎದ್ದ ಕೂಡಲೇ ಜಗದೇವಿ ಮೊದಲು ಹೋದದ್ದು ಚಂದ್ರಶಾನ ಮನೆಗೆ. ಆತ ಆಗಲೇ ಹೆಗಲಿಗೆ ಟವೆಲು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ.

"ಸುದ್ದಿ ಬಂತು. ನಡಿ, ಬರ್ತೀನಿ" ಎಂದ. "ವೈನಿ ಬಾ ಅಂದಾಳಂತ. ಊರು ಏನರೆ ಅನ್ಲಿ." ಅತ್ತಿಗೆ ಅಂಬವ್ವನನ್ನು ಅವನು ವೈನಿ ಎಂದೇ ಕರೆಯುತ್ತಿದ್ದ.

"ಕಾಕಾ, ಬರಬ್ಯಾಡ್ರಿ." ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಗೂಟ, ನಕಾಶೆ, ಕಾಲು, ಗುದ್ದಲಿ, ಬೀಜ, ಒಂದನ್ನೂ ಬಿಡಲಿಲ್ಲ.

"ಅಂದ್ರ" ಎಂದ ಚಂದ್ರಶಾ, "ನನ್ನ ಹೊಲ ಚೊಕ್ಕ ಉಳಿದದ್ದು ನಾ ಅಣ್ಣಗ ಮಣ್ಣ ಕೊಡಲಿಲ್ಲ ಅಂತ?"

ಅವಳು ತಲೆ ಆಡಿಸಿದಳು. ಚಂದ್ರಶಾ ಜಗಲಿಯ ಮೇಲೆ ಕುಳಿತು ಟವೆಲಿನಿಂದ ಮುಖ ಮುಚ್ಚಿಕೊಂಡ. ಊರವರು ಇಷ್ಟು ವರ್ಷ ಅಂದ ಯಾವ ಮಾತೂ ಅವನನ್ನು ಹೀಗೆ ಕುಕ್ಕಿರಲಿಲ್ಲ. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಹೆಣ ಎತ್ತುವ ಮೊದಲು ಜಗದೇವಿ ಬಾಗಿಲಲ್ಲಿ ನಿಂತು, ರೋಗ ಹೇಗೆ ಹಬ್ಬಿತು ಎನ್ನುವುದನ್ನು ಊರವರಿಗೂ ಹೇಳಿದಳು. ಗಂಡ ಅಣ್ಣಾರಾವ "ಇವತ್ತೇ ಬೇಕೇನ?" ಎಂದು ಪಿಸುಗುಟ್ಟಿದ, ಇವತ್ತಲ್ಲದೆ ಇನ್ನೆಂದು ಎಂದಳು. ಭಜನೆಯ ತಾಳ ನಿಂತಿತು. ಯಾರಾದರೂ ಮಾವನ ಹೆಸರಿಗೆ ಶಾಪ ಹಾಕುತ್ತಾರೇನೋ ಎಂದು ಅವಳು ಒಬ್ಬೊಬ್ಬರ ಮುಖ ನೋಡಿದಳು. ಗುರುಶಾಂತಪ್ಪ, ಹೊಲವೆಲ್ಲ ಕೆಂಪಾಗಿ ಇಬ್ಬರು ಮಕ್ಕಳನ್ನು ಲಾರಿ ತುಂಬಲು ಕಳಿಸಿದವನು, ಗಂಟಲು ಸರಿ ಮಾಡಿಕೊಂಡ.

"ಗೊತ್ತಿದ್ರೂ ಬರ್ತಿದ್ದಿವಿ ತಂಗಿ" ಎಂದ. "ಕಾಲ ಮಾತ್ರ ಬ್ಯಾರೆ ಕಡಿ ತೊಳೀತಿದ್ದಿವಿ." ಆಮೇಲೆ ತಗ್ಗಿದ ದನಿಯಲ್ಲಿ, "ಚಂದ್ರಶಾಗ ನಾವು ಬಹಳ ಅಂದಿವಿ" ಎಂದ.

ಹೊಲಕ್ಕೆ ಹೋದಾಗ ಮಳೆ ಹನಿಯುತ್ತಿತ್ತು. ಕಾಶೀರಾಯನ ಸಮಾಧಿಯ ಪಕ್ಕ ಕುಣಿ ತೆಗೆದಿತ್ತು. ಅಂಬವ್ವನನ್ನು ಕುಳಿತ ಭಂಗಿಯಲ್ಲಿ ಇಳಿಸಿ, ವಿಭೂತಿ ಬಿಲ್ವಪತ್ರೆ ಇಟ್ಟು, ಅಯ್ಯನವರು ಮಂತ್ರ ಮುಗಿಸಿದರು. ಜನ ಸಾಲಾಗಿ ಬಂದು ಹಿಡಿ ಹಿಡಿ ಮಣ್ಣು ಕೊಡತೊಡಗಿದರು. ಆಗ ಅಣ್ಣಾರಾವ ಹೆಂಡತಿಯ ತೋಳು ಮುಟ್ಟಿದ. ಬದುವಿನ ಆಚೆ, ತನ್ನ ಹೊಲದಲ್ಲಿ, ಮೊಣಕಾಲೆತ್ತರದ ತೊಗರಿಯ ನಡುವೆ ಚಂದ್ರಶಾ ಬರಿಗಾಲಿನಲ್ಲಿ ಬರುತ್ತಿದ್ದ. ಬದುವಿನ ಹತ್ತಿರ ಬಂದು, ದಾಟಲು ಕಾಲೆತ್ತಿದ.

"ಕಾಕಾ, ನಿಲ್ಲು!"

ಹಿರಿಯರಿಗೆ ಹಾಗೆ ಕೂಗಬಾರದು. ಆದರೆ ಆ ಹೊತ್ತಿಗೆ ಅವಳಿಗೆ ಬೇರೆ ಮಾತು ಬರಲಿಲ್ಲ. ಮರೆಪ್ಪನ ಹಲಗಿ ನಿಂತಿತು. ಎಲ್ಲರೂ ತಿರುಗಿ ನೋಡಿದರು.

"ಅಂದು ಬಾ ಅಂತ ಮಂದಿ ಮನಿತನಕ ಬಂದ್ರು, ನಾ ಬರಲಿಲ್ಲ" ಎಂದ ಚಂದ್ರಶಾ. "ಇವತ್ತು ನಾ ಬಂದೀನಿ, ನೀ ಬ್ಯಾಡಂತಿ. ನನ್ನ ಹೊಲ ಹೋದ್ರ ಹೋಗಲಿ ಜಗದೇವಿ. ನನಗ ಅದು ಬ್ಯಾಡ."

"ಅದು ನಿಮ್ಮದೊಂದೇ ಅಲ್ಲರಿ ಕಾಕಾ. ಮುಂದಿನ ವರ್ಷ ಸುತ್ತ ಹತ್ತೂರು ಬಿತ್ತೋದು ಅದರಾಗಿಂದು."

ಚಂದ್ರಶಾ ಎತ್ತಿದ ಕಾಲನ್ನು ನಿಧಾನವಾಗಿ ತನ್ನ ಕಡೆಯೇ ಇಳಿಸಿದ. ಜಗದೇವಿ ನಿಂತಲ್ಲಿಂದ ಬದುವಿನವರೆಗೆ ನಡೆದಳು. ಈ ಕಡೆಯ ಮಣ್ಣು ಆ ಕಡೆ ಹೋದರೆ ಕೇಡು. ಆ ಕಡೆಯ ಮಣ್ಣು ಈ ಕಡೆ ಬಂದರೆ ಏನೂ ಆಗದು, ಚೊಕ್ಕ ಮಣ್ಣು ಅದು. ಇಷ್ಟು ಓದಿದವಳಿಗೆ ಇದು ಈಗ ಹೊಳೆಯಬೇಕಾಯಿತೇ ಎಂದು ತನ್ನ ಮೇಲೇ ಸಿಟ್ಟು ಬಂತು.

"ನಿಮ್ಮ ಹೊಲದಾಗಿಂದೇ ಒಂದ್ ಹಿಡಿ ತಗೋರಿ" ಎಂದು ಎರಡೂ ಬೊಗಸೆ ಒಡ್ಡಿದಳು. "ಮ್ಯಾಲಿಂದ ಬಿಡ್ರಿ. ಕೈಗಿ ಕೈ ಹತ್ತಬಾರದು."

ಚಂದ್ರಶಾ ಬಾಗಿದ. ತೊಗರಿಯ ಬುಡದಿಂದ ಹಿಡಿ ಮಣ್ಣು ಎತ್ತಿ, ಹಣೆಗೆ ಮುಟ್ಟಿಸಿಕೊಂಡು, ಅವಳ ಬೊಗಸೆಗೆ ಬಿಟ್ಟ. ಬಿಡುವಾಗ "ವೈನಿ" ಎಂದ.

ಬೊಗಸೆಯನ್ನು ಎದೆಗೆ ಹತ್ತಿರ ಹಿಡಿದು ಜಗದೇವಿ ಜಾರುವ ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಜನ ದಾರಿ ಬಿಟ್ಟರು. ಕುಣಿಯ ಮೇಲೆ ಕೈ ಬಿಡಿಸಿದಳು. ಮಣ್ಣು ಅಂಬವ್ವನ ತಲೆಯ ಮೇಲಿನ ಬಿಲ್ವಪತ್ರೆಯ ಮೇಲೆ ಬಿತ್ತು. ಊರು ಕೊಟ್ಟ ಮಣ್ಣಿಗೂ ಅದಕ್ಕೂ ಬಣ್ಣದಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

"ಮುಟ್ತೇನವ್ವಾ?" ಚಂದ್ರಶಾ ಬದುವಿನ ಆಚೆಯಿಂದ ಕೂಗಿ ಕೇಳಿದ.

"ಮುಟ್ತ್ರಿ ಕಾಕಾ."

ಆತ ತನ್ನ ಹೊಲದಲ್ಲಿ ಕುಸಿದು ಕುಳಿತು, ಸಣ್ಣ ಹುಡುಗರು ಅಳುವ ಹಾಗೆ ಬಾಯಿ ಬಿಟ್ಟು ಅಳತೊಡಗಿದ. ಒಂದು ಅಳು ಅಣ್ಣನದು, ಒಂದು ವೈನಿಯದು, ಎರಡೂ ಈ ದಿನವೇ ಬಂದಿದ್ದವು. ಗುರುಶಾಂತಪ್ಪನಿಗೆ ತಡೆಯಲಾಗಲಿಲ್ಲ. ಅವನನ್ನು ಹಿಡಿದು ಎಬ್ಬಿಸಲು ಬದುವಿನ ಕಡೆ ಓಡಿದ. ಅವನ ಹಿಂದೆ ಇನ್ನೂ ನಾಲ್ಕಾರು ಜನ ಹೊರಟರು. ಬದುವಿನ ಹತ್ತಿರ ಹೋಗಿ ಗುರುಶಾಂತಪ್ಪ ತನ್ನ ಕಾಲು ನೋಡಿಕೊಂಡ. ಮೀನಖಂಡದವರೆಗೆ ಈ ಕಡೆಯ ಮಣ್ಣು ಮೆತ್ತಿತ್ತು. ಅವನು ಅಲ್ಲೇ ನಿಂತ, ಉಳಿದವರೂ ನಿಂತರು.